ಅತ್ತೆಯ ಏಡಿಗಾಡಿ

ಸೆಪ್ಟೆಂಬರ್ 6

ಅತ್ತೆಗೆ ಸೊಂಟದ ಕೀಲು ಹೊಸದಾಗಿ ಹಾಕಿಸಿ ಮನೆಗೆ ಕರ್ಕೊಂಡು ಬಂದು ಮೂರು ವಾರ ಆಯ್ತು. ಕೀಲು ಹೊಸದು, ನಾಲಿಗೆ ಹಳೇದೇ. ಹೇಗೂ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ್ದರು, ಅದನ್ನೂ ಒಂಚೂರು ನೋಡಿ ಸಾರ್ ಅಂತ ಡಾಕ್ಟರಿಗೆ ಹೇಳೋದು ಮರೆತೆ.

ಯಾರ ಹತ್ತಿರ ಹೇಳ್ಕೊಳ್ಳೋದು? ನನ್ನ ಗಂಡ ದೀಪು ಎಲೆಕ್ಟ್ರಾನಿಕ್ ಸಿಟಿ ಕಂಪನಿಯೊಂದರ ಸ್ಟಾಫ್ ಬಸ್ ಓಡಿಸ್ತಾರೆ. ಮನೆಯಲ್ಲಿ ಸ್ವಲ್ಪ ಬಿಸಿ ಏರಿದ ತಕ್ಷಣ ಅವರಿಗೆ ಶಿಫ್ಟ್ ನೆನಪಾಗುತ್ತೆ. ನಾಗಸಂದ್ರದಲ್ಲಿರೋ ನನ್ನಕ್ಕನಿಗೆ ಫೋನ್ ಮಾಡಿದರೆ ಸ್ವಲ್ಪ ಹೊತ್ತು ಕೇಳಿ, ಆಮೇಲೆ ತನ್ನ ಅತ್ತೆ ಕತೆ ಶುರು ಮಾಡ್ತಾಳೆ. ಅವಳ ಅತ್ತೆ ನನ್ನ ಅತ್ತೆಗಿಂತ ಜೋರು. ಅಲ್ಲೂ ನಾನೇ ಸೋಲ್ತೀನಿ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಡಾಕ್ಟರ ನಿಯಮ: ಮೂರು ತಿಂಗಳು ಬಗ್ಗೋ ಹಾಗಿಲ್ಲ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ, ತಗ್ಗಿನಲ್ಲಿ ಕೂರೋ ಹಾಗಿಲ್ಲ. ಅತ್ತೆಯ ನಿಯಮ: ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಬಡಿದ ಕೂಡಲೇ ವನಜಾ ಹಾಜರಿರಬೇಕು. ಇವತ್ತು ಬಡಿದಿದ್ದು ಯಾಕೆ ಅಂದರೆ ಫ್ಯಾನು ಜಾಸ್ತಿ ತಿರುಗ್ತಿದೆ ಅಂತ. ಕಡಿಮೆ ಮಾಡಿ ಬಂದೆ. ಮತ್ತೆ ಬಡಿದರು. ಈಗ ಕಡಿಮೆ ತಿರುಗ್ತಿದೆಯಂತೆ.

ಇನ್ನು ಮೇಲೆ ಇವರನ್ನು ಇಲ್ಲಿ 'ಹೆಡ್ ಆಫೀಸು' ಅಂತಲೇ ಬರೀತೀನಿ.

ಪೀಣ್ಯದ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಹಾಗೇ ಇದೆ. ದೀಪಾವಳಿವರೆಗೂ ರಜೆ, ಆಮೇಲೆ ಬರದಿದ್ದರೆ ಬೇರೆಯವರನ್ನು ನೋಡ್ಕೋತೀವಿ ಅಂದಿದ್ದಾರೆ ಯಜಮಾನರು. ದೀಪುವಿನ ಅಣ್ಣ, ಶ್ಯಾಮಣ್ಣ ಭಾವ, ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನಲ್ಲಿದ್ದಾರೆ. 'ಹಬ್ಬ ಆದ್ಮೇಲೆ ಅಮ್ಮನ್ನ ನಾನು ಕರ್ಕೊಂಡ್ಹೋಗ್ತೀನಿ' ಅಂತ ಮಾತು ಕೊಟ್ಟಿದ್ದಾರೆ. ಅದೊಂದೇ ನನ್ನ ಆಸೆಯ ದೀಪ. ಆರದಿರಲಿ.

ಸೆಪ್ಟೆಂಬರ್ 9

ಹಿತ್ತಲ ಶೆಡ್ಡಿಗೆ ಲೋಟದ ಸದ್ದು ಕೇಳಿಸಲ್ಲ. ಇಷ್ಟು ದಿನ ಇದು ಯಾಕೆ ಹೊಳೀಲಿಲ್ಲ?

ಶೆಡ್ಡಿನಲ್ಲಿ ಇರೋದು ಹಳೇ ಕಟ್ಟಿಗೆ, ಮುರಿದ ಕುರ್ಚಿ, ಮತ್ತೆ ದೀಪು ಹೋದ ವರ್ಷ ತಂದು ನಿಲ್ಲಿಸಿದ ಎಟಿವಿ. ಆನೇಕಲ್ ಆಚೆ ಒಂದು ಅಡ್ವೆಂಚರ್ ಪಾರ್ಕ್ ಮುಚ್ಚಿತು. ಅಲ್ಲಿಂದ ಹೊತ್ಕೊಂಡು ಬಂದಿದ್ದು. ದಪ್ಪ ದಪ್ಪ ನಾಲ್ಕು ಚಕ್ರ, ಮೇಲೊಂದು ಬೈಕಿನ ಸೀಟು, ಹ್ಯಾಂಡಲ್ಲು. ಕೆರೆ ಪಕ್ಕ ಮಕ್ಕಳಿಗೆ ಸವಾರಿ ಕೊಡಿಸ್ತೀನಿ, ಅಪಾರ್ಟ್‌ಮೆಂಟ್ ಜನ ಮುಗಿಬೀಳ್ತಾರೆ ಅಂದಿದ್ದರು. ಟೆಂಪೋದಿಂದ ಇಳಿಸುವಷ್ಟರಲ್ಲಿ ಉತ್ಸಾಹ ಇಳಿದಿತ್ತು. ಅವತ್ತಿಂದ ಅದು ಸ್ಟಾರ್ಟ್ ಆಗಿಲ್ಲ. ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡ್ತವೆ. ಅಷ್ಟರ ಮಟ್ಟಿಗೆ ಉಪಯೋಗ.

ಸ್ಟಾರ್ಟ್ ಮಾಡಿ ಮಾರಿಬಿಟ್ಟರೆ ಬಟ್ಟೆ ಒಣಗಿಸೋಕೆ ಜಾಗ ಆಗುತ್ತೆ ಅಂತ ದೀಪುಗೆ ಹೇಳಿದೆ. ನಿಜವಾದ ಕಾರಣ ಮೇಲೆ ಬರೆದಿದ್ದೀನಿ.

ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ. ಒಳಗೆ ಇಲಿಯ ಸಂಸಾರ. ಹಾಸಿಗೆಗೆ ದೀಪು ಕಾಲುಚೀಲ ತಗೊಂಡು ಹೋಗಿದ್ದವು. ಕಳೆದ ವರ್ಷ ಆ ಒಂಟಿ ಕಾಲುಚೀಲಕ್ಕೆ ನಾನು ಎಷ್ಟು ಬೈಸ್ಕೊಂಡಿದ್ದೆ.

ಸೆಪ್ಟೆಂಬರ್ 14

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಅಂತ ಊರಿಗೆಲ್ಲ ಗೊತ್ತು. ಆದರೆ ನನ್ನ ಕೆಲಸ ಇನ್‌ಸ್ಪೆಕ್ಷನ್. ಬೇರೆಯವರು ಮಾಡಿದ ಪಾರ್ಟಿಗೆ ಮೈಕ್ರೋಮೀಟರ್ ಹಿಡಿದು 'ರಿಜೆಕ್ಟ್' ಅನ್ನೋದು. ಇಷ್ಟು ವರ್ಷದಲ್ಲಿ ಒಂದು ಬೋಲ್ಟನ್ನೂ ನಾನಾಗಿ ಮಾಡಿದವಳಲ್ಲ. ಇವತ್ತು ಕಾರ್ಬುರೇಟರ್ ಬಿಚ್ಚುವಾಗ ಇದು ಚೆನ್ನಾಗಿ ಅರ್ಥ ಆಯ್ತು.

ಹಳೇ ಪೆಟ್ರೋಲು ಒಳಗೇ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಕೂತಿತ್ತು. ಸಣ್ಣ ಸಣ್ಣ ಜೆಟ್ಟು, ಸ್ಪ್ರಿಂಗು, ಸ್ಕ್ರೂ ಕಳೆದುಹೋಗಬಾರದು ಅಂತ ಇಡ್ಲಿ ತಟ್ಟೆ ತಂದು ಒಂದೊಂದು ಗುಳಿಯಲ್ಲಿ ಒಂದೊಂದು ಇಟ್ಟೆ. ಎಂಥಾ ಬುದ್ಧಿ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಸಂಜೆ ಇಡ್ಲಿ ಬೇಯಿಸಿದಾಗ ಬೆನ್ನು ತಟ್ಟಿದ್ದು ವಾಪಸ್ ತಗೊಂಡೆ.

'ಏನಮ್ಮಿ, ಇಡ್ಲಿಗೆ ಬಂಕಿನಾಗೆ ಹಿಟ್ಟು ತಂದ್ಯಾ?' ಅಂತು ಹೆಡ್ ಆಫೀಸು.

ತಟ್ಟೆ ಮೂರು ಸಲ ತೊಳೆದೆ ಅಂದೆ.

'ನಿಂಗೆ ಅಡ್ಗೆ ಮನೇಲಿ ಇರೋಕೆ ಇಷ್ಟ ಇಲ್ಲ ಅಂತ ಗೊತ್ತು. ಅದ್ಕೆ ನಮ್ಮುನ್ನ ಯಾಕೆ ಸುಡ್ತೀಯ?'

ದೀಪುಗೆ ಶಿಫ್ಟ್ ನೆನಪಾಯ್ತು.

ಸೆಪ್ಟೆಂಬರ್ 15

ಸ್ಟಾರ್ಟ್ ಆಯ್ತು. ಹೊಸ ಬ್ಯಾಟರಿ, ಹೊಸ ಪ್ಲಗ್ಗು, ಹೊಸ ಪೆಟ್ರೋಲು. ಸೈಲೆನ್ಸರ್‌ನಿಂದ ಢಮ್ ಅಂತ ಒಂದು ಸದ್ದು, ಆಮೇಲೆ ಕಪ್ಪು ಹೊಗೆ, ಆಮೇಲೆ ಗುಡುಗುಡು. ಕೋಳಿಗಳು ಇನ್ನೂ ಹಿಂದಿರುಗಿಲ್ಲ.

ಕೈ ಎಲ್ಲ ಮಸಿ. ಅನ್ನಕ್ಕೆ ಇಡೋದು ಮರೆತೆ. ಯಾರು ಬೈದರೂ ಕಿವಿಗೆ ಬೀಳಲಿಲ್ಲ.

ಸೆಪ್ಟೆಂಬರ್ 23

ಶೆಡ್ಡು ಕೈ ತಪ್ಪಿತು.

ಮಧ್ಯಾಹ್ನ ಚೈನ್ ಬಿಗಿ ಮಾಡ್ತಾ ಇದ್ದೆ. ಬಾಗಿಲಲ್ಲಿ ಠಕ್ ಠಕ್ ಅಂತ ವಾಕರ್ ಸದ್ದು. ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿರೋ ಹನುಮವ್ವ ಎತ್ತರದ ಕುರ್ಚಿ ಹೊತ್ಕೊಂಡು ಮುಂದೆ, ಹಿಂದೆ ಹೆಡ್ ಆಫೀಸು. ಕುರ್ಚಿ ಬಾಗಿಲಿಗೆ ಸರಿಯಾಗಿ ಹಾಕಿಸಿಕೊಂಡು ಕೂತೇಬಿಟ್ಟರು.

'ಇದ್ಕೆ ಏನಂತಾರೆ?'

'ಎಟಿವಿ ಅತ್ತೆ.'

'ಯಾವ ಚಾನಲ್ ಬತ್ತದೆ?'

ಹನುಮವ್ವ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. ನಾನೂ ಸ್ಪ್ಯಾನರ್ ಹಿಂದೆ ಮುಖ ಇಟ್ಟುಕೊಂಡೆ. ಅತ್ತೆ ಅದರ ಸುತ್ತ ಕಣ್ಣಾಡಿಸಿ, 'ಏಡಿ ಇದ್ದಂಗೈತೆ' ಅಂದರು. ಅಲ್ಲಿಗೆ ಹೆಸರಾಯ್ತು, ಏಡಿಗಾಡಿ.

ಬ್ರೇಕ್ ಶೂ ಉಲ್ಟಾ ಹಾಕಿದ್ದನ್ನು ಹೆಡ್ ಆಫೀಸೇ ಹಿಡೀತು. 'ಆ ಕಡೇದು ಅಂಗೈತೆ, ಈ ಕಡೇದು ಇಂಗೈತೆ, ಯಾವ್ದೋ ಒಂದು ತಪ್ಪಲ್ವಾ?' ಅಂದರು. ಇನ್‌ಸ್ಪೆಕ್ಟರಿಗೇ ಇನ್‌ಸ್ಪೆಕ್ಷನ್. ಬಿಚ್ಚಿ ಮತ್ತೆ ಹಾಕಿದೆ.

ಹೋಗುವಾಗ ಕೇಳಿದರು, 'ಇದು ಹೊಲುಕ್ಕೆ ಹೋಗ್ತದಾ?'

ನಮ್ಮ ಹಿತ್ತಲ ಗೇಟು ದಾಟಿದರೆ ಕೆರೆ ಏರಿ. ಏರಿಯ ಆ ತುದಿಗೆ ಇಪ್ಪತ್ತು ಗುಂಟೆ ಹೊಲ, ಮೂರು ಕಡೆ ಅಪಾರ್ಟ್‌ಮೆಂಟು. ಮಿಕ್ಕ ಜಮೀನೆಲ್ಲ ಮಾವನ ಕಾಲದಲ್ಲೇ ರೋಡು, ಕಾಂಪೌಂಡು, ಕಂಪನಿ ಆಗಿಹೋಯ್ತು. ಇದೊಂದರಲ್ಲಿ ಅತ್ತೆ ರಾಗಿ ಹಾಕಿಸ್ತಾರೆ, ಸಾಲಿಗೆ ಅವರೆ. ಬಿದ್ದು ಸೊಂಟ ಮುರಿದ ದಿನದಿಂದ ಅತ್ತ ಹೋಗಿಲ್ಲ. ಏರಿ ಮೇಲೆ ಕಾರು ಹೋಗಲ್ಲ, ಆಟೋದವರು ಬರಲ್ಲ. ಹೊಲ ನೋಡ್ಕೊಳ್ಳೋ ಗಂಗಪ್ಪ ವಾರಕ್ಕೊಮ್ಮೆ ಬಂದು 'ಅವರೆ ಅದ್ಭುತವಾಗೈತೆ ಅಕ್ಕ' ಅಂತ ವರದಿ ಕೊಟ್ಟು ಕಾಫಿ ಕುಡಿದು ಹೋಗ್ತಾನೆ.

'ಗಂಗಪ್ಪ ಅದ್ಭುತ ಅಂದಿದ್ದು ಇಲ್ಲೀಗಂಟ ಒಂದೂ ಅದ್ಭುತ ಆಗಿಲ್ಲ ಕಣಮ್ಮಿ. ನಾನೇ ನೋಡ್ಬೇಕು.'

ಡಾಕ್ಟರು ಬೇಡ ಅಂದಿದ್ದಾರೆ ಅತ್ತೆ ಅಂದೆ.

'ಡಾಕ್ಟ್ರು ಅವರೆ ಬೆಳೀತಾನಾ?'

ಅಕ್ಟೋಬರ್ 1

ಆಯುಧಪೂಜೆ. ದೀಪು ಬಸ್ಸಿಗೆ ಬಾಳೆಕಂಬ ಕಟ್ಟಿ ಬಂದರು, ಸ್ಕೂಟರಿಗೆ ನಾನು ಹೂ ಹಾಕಿದೆ. ಅತ್ತೆ ಹಟ ಹಿಡಿದು ಏಡಿಗಾಡಿಯನ್ನೂ ಹೊರಗೆ ತರಿಸಿದರು. ತೊಳೆದು, ಮೂರು ಬೆರಳು ವಿಭೂತಿ ಎಳೆಸಿ, ಚಕ್ರಕ್ಕೆ ನಿಂಬೆಹಣ್ಣು ಇಡಿಸಿ, ಕುಂಬಳಕಾಯಿ ಒಡೆಸಿದರು. ಮಾರೋ ಗಾಡಿಗೆ ಇಷ್ಟೆಲ್ಲ ಯಾಕೆ ಅಂತ ದೀಪು ಕೇಳಿದರು.

'ಯಾರು ಮಾರೋರು?' ಅಂತ ಅತ್ತೆ ಕೇಳಿದರು.

ನಾನು ಕುಂಬಳಕಾಯಿ ಚೂರು ಗುಡಿಸ್ತಾ ಇದ್ದೆ. ಉತ್ತರ ಹೇಳೋದು ಯಾರು ಅಂತ ಇಬ್ಬರೂ ನನ್ನನ್ನೇ ನೋಡ್ತಿದ್ದರು. ಗುಡಿಸ್ತಾನೇ ಇದ್ದೆ.

ಅಕ್ಟೋಬರ್ 5

ಬರೆಯೋಕೆ ಕೈ ಬರ್ತಿಲ್ಲ. ಆದರೂ ಬರೀತೀನಿ.

ಇವತ್ತು ಭಾನುವಾರ, ದೀಪು ಡ್ಯೂಟಿಗೆ ಹೋಗಿದ್ದರು. ಬೆಳಿಗ್ಗೆಯಿಂದ 'ಒಂದೇ ಒಂದು ಕಿತ, ಅರ್ಧ ದಾರಿ' ಅಂತ ಅತ್ತೆ ಶುರು ಮಾಡಿದರು. ಒಪ್ಪಬಾರದಿತ್ತು. ಆದರೆ ಗಾಡಿ ಅಷ್ಟು ಚೆನ್ನಾಗಿ ಓಡ್ತಿತ್ತು, ನನಗೂ ತೋರಿಸಬೇಕು ಅನ್ನಿಸಿತ್ತು. ಹಿಂದಿನ ಕ್ಯಾರಿಯರ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಹಗ್ಗದಲ್ಲಿ ಬಿಗಿದೆ. ಪೀಣ್ಯದಲ್ಲಿ ಯಾರಾದರೂ ಇಂಥ ಕೆಲಸ ನನ್ನ ಟೇಬಲ್ಲಿಗೆ ತಂದಿದ್ದರೆ ಮುಖಕ್ಕೆ ಎಸೀತಿದ್ದೆ.

ಏರಿ ಮೇಲೆ ಅರ್ಧ ದೂರ ಚೆನ್ನಾಗೇ ಹೋಯ್ತು. ಅತ್ತೆ ಕೆರೆ ನೋಡಿ 'ನೀರು ಬಂದೈತಲ್ಲೇ' ಅಂದರು. ಅದೇ ಹೊತ್ತಿಗೆ ಎಡಗಡೆ ಹಿಂದಿನ ಚಕ್ರ ಮಳೆ ಗುಂಡಿಗೆ ಇಳೀತು. ಹಗ್ಗ ಸಡಿಲ ಆಯ್ತು. ಕುರ್ಚಿ ನಿಧಾನಕ್ಕೆ ವಾಲಿತು, ಅತ್ತೆ ರಾಗಿ ಮೂಟೆ ಜಾರಿದ ಹಾಗೆ ಜಾರಿ ಕೆಸರಲ್ಲಿ ಕೂತರು.

ಕೂಗಲಿಲ್ಲ. ಅದೇ ಭಯ ಆಗಿದ್ದು. ಸುಮ್ಮನೆ ನನ್ನ ಮುಖ ನೋಡ್ತಾ ಕೂತಿದ್ದರು.

ಹನುಮವ್ವನಿಗೆ ಫೋನ್ ಮಾಡಿದೆ. ಅವಳೂ ಗಂಡ ಹಣಮಂತನೂ ಓಡಿ ಬಂದರು. ಹಳೇ ಬಾಗಿಲ ಹಲಗೆ ಮೇಲೆ ಮಲಗಿಸಿ ಹೊತ್ತುಕೊಂಡು ರೋಡಿಗೆ ಬಂದೆವು. ಆಸ್ಪತ್ರೆ, ಎಕ್ಸ್‌ರೇ. ಕೀಲು ಜಾಗ ಬಿಟ್ಟಿಲ್ಲ. ಚರ್ಮ ತರಚಿದೆ, ಅಷ್ಟೆ. ಡಾಕ್ಟರು ನನ್ನನ್ನು ನೋಡಿದ ನೋಟಕ್ಕೆ ನಾನೇ ಮಂಚದ ಕೆಳಗೆ ಹೋಗಬೇಕು ಅನ್ನಿಸಿತು.

ದೀಪು ಬಂದವರೇ ಮಾತ್ರೆ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದರು. ಭಾವ ಫೋನಿನಲ್ಲಿ ಎಲ್ಲ ಅಂದರು. 'ವನಜಾ, ನಿಂಗೆ ಕಷ್ಟ ಆಗ್ತಿದ್ರೆ ಹೇಳ್ಬೇಕಿತ್ತು, ಹಿಂಗೆ ಮಾಡೋದಾ?' ಅಂದರು.

ಅತ್ತೆ ಫೋನ್ ಕಿತ್ತುಕೊಂಡು, 'ನಾನೇ ಕರ್ಕೊಂಡೋಗು ಅಂದಿದ್ದು ಕಣ್ಲಾ ಶ್ಯಾಮ. ಅವ್ಳು ಬ್ಯಾಡ ಅಂದ್ಲು' ಅಂದು ಫೋನ್ ಇಟ್ಟರು.

ಅಕ್ಟೋಬರ್ 7

ಲೋಟದ ಸದ್ದು ಇಲ್ಲ. ನಾನೇ ಆಗಾಗ ಹೋಗಿ ನೋಡಿ ಬರ್ತಿದ್ದೀನಿ. ಫ್ಯಾನು ಸರಿಯಾಗಿದೆಯಾ ಅತ್ತೆ ಅಂತ ಕೇಳಿದೆ. 'ಊಂ' ಅಂದರು.

ಅಕ್ಟೋಬರ್ 11

ದೀಪಾವಳಿವರೆಗೂ ಕಾಯಲ್ಲ ಅಂತ ಭಾವ ಇವತ್ತೇ ಕಾರು ತಂದು ಕರ್ಕೊಂಡು ಹೋದರು. ಸೀಟಿನ ಮೇಲೆ ದಿಂಬು ಜೋಡಿಸಿದೆ. ಮಾತ್ರೆಗಳನ್ನೆಲ್ಲ ಡಬ್ಬಿಗೆ ಹಾಕಿ ಯಾವುದು ಯಾವಾಗ ಅಂತ ಭಾವನಿಗೆ ಹೇಳಿದೆ.

ಸೋಮವಾರದಿಂದ ಪೀಣ್ಯ. ನಾನು ಕೇಳಿದ್ದೇ ಆಯ್ತು.

ಅಕ್ಟೋಬರ್ 13

ಮೆಟ್ರೋದಲ್ಲಿ ಸೀಟು ಸಿಕ್ತು. ಕೆಲಸ ಇತ್ತು. ಬಂದೆ. ಮಲಗ್ತೀನಿ.

ಅಕ್ಟೋಬರ್ 19

ಮನೆ ಎಷ್ಟು ಆರಾಮಾಗಿದೆ ಅಂದರೆ ಕುಕ್ಕರ್ ಕೂಗಿದರೂ ಎದೆ ಧಸಕ್ ಅನ್ನುತ್ತೆ. ತುಮಕೂರು ಹಾಸ್ಟೆಲಿನಿಂದ ಮಗಳು ಫೋನ್ ಮಾಡಿ 'ಅಜ್ಜಿ ಇಲ್ದೆ ನಿಂಗೆ ಮಜಾ ಅಲ್ವಾ ಅಮ್ಮಾ' ಅಂದಳು. ಹೂಂ, ಮಜಾ ಅಂದೆ.

ಇವತ್ತು ಶೆಡ್ಡಿಗೆ ಹೋಗಿ ಏಡಿಗಾಡಿಯ ಕೆಸರು ತೊಳೆದೆ. ಒಳ್ಳೇ ಸ್ಥಿತಿಯಲ್ಲಿದ್ದರೆ ತಾನೇ ಮಾರಕ್ಕಾಗೋದು. ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್ ಆರ್ಮ್ ಅಲ್ಲಾಡ್ತಿದೆ, ಅದರ ಕೀಲಿನೊಳಗಿನ ಬಳೆ, ಬುಷ್, ಸವೆದಿದೆ. ಅವತ್ತು ಗಾಡಿ ವಾಲಿದ್ದಕ್ಕೆ ಅದೂ ಒಂದು ಕಾರಣ ಇರಬೇಕು. ಅಳತೆ ತಗೊಂಡೆ. ನಾಳೆ ನಮ್ಮ ಫ್ಯಾಕ್ಟರಿಯ ಶೈಲಾಗೆ ಹೇಳಿ ಲೇತ್ ಮೇಲೆ ಎರಡು ಹೊಸದು ಮಾಡಿಸಬೇಕು. ಕೊಳ್ಳುವವರು ನೋಡೇ ನೋಡ್ತಾರೆ.

ಅಕ್ಟೋಬರ್ 22

ಹಬ್ಬಕ್ಕೆ ವೈಟ್‌ಫೀಲ್ಡಿಗೆ ಹೋಗಿದ್ದೆವು. ಹದಿನಾಲ್ಕನೇ ಮಹಡಿ. ಮಹಾದೇವಿ ಅಕ್ಕ, ಅಂದರೆ ಭಾವನ ಹೆಂಡತಿ, ಅತ್ತೆಯನ್ನು ತುಂಬಾ ಚೆನ್ನಾಗಿ ನೋಡ್ಕೊಂಡಿದ್ದಾರೆ. ಸುಳ್ಳು ಹೇಳಬಾರದು. ಹೊಸ ನೈಟಿ, ಎತ್ತರಿಸಿದ ಕಮೋಡು, ದಿನಾ ಬಂದು ಕಾಲು ಆಡಿಸೋ ಫಿಸಿಯೋ ಹುಡುಗಿ. ಅತ್ತೆ ವಾಕರ್ ಬಿಟ್ಟು ಕೋಲಿಗೆ ಬಂದಿದ್ದಾರೆ.

ಆದರೆ ಅತ್ತೆ ಒಳ್ಳೆಯವರಾಗಿಬಿಟ್ಟಿದ್ದಾರೆ.

ನಾನು ಮಾಡಿಕೊಂಡು ಹೋಗಿದ್ದ ಹೋಳಿಗೆ ತಿಂದು 'ಚೆನ್ನಾಗೈತೆ' ಅಂದರು. ಹೂರಣಕ್ಕೆ ಬೆಲ್ಲ ಕಮ್ಮಿ ಆಗಿತ್ತು, ನನಗೇ ಗೊತ್ತಿತ್ತು. ಬಾಲ್ಕನಿಯಲ್ಲಿ ಕೂರಿಸಿದರೆ ಕೂತರು, ಒಳಗೆ ಬನ್ನಿ ಅಂದರೆ ಬಂದರು. ಟೀವಿ ಚಾನಲ್ ಯಾರು ಬದಲಾಯಿಸಿದರೂ ಸುಮ್ಮನಿದ್ದರು. ಮಹಾದೇವಿ ಅಕ್ಕ ಅಡುಗೆಮನೆಯಲ್ಲಿ ಪಿಸುಗುಟ್ಟಿದರು, 'ವನಜಾ, ನೀನು ಹೇಳ್ತಿದ್ದ ಅತ್ತೆ ಇವರೇನಾ? ನಂಗೆ ಹೆದ್ರಿಕೆ ಆಗುತ್ತೆ ಕಣೇ. ಒಂದ್ಸಲನೂ ಬೈದಿಲ್ಲ.'

ಏನು ಮಾಡಬೇಕು ತಿಳೀಲಿಲ್ಲ. ಅತ್ತೆ ಪಕ್ಕ ಕೂತು ಫೋನಿನಲ್ಲಿ ಏಡಿಗಾಡಿ ವಿಡಿಯೊ ತೋರಿಸಿದೆ. ಬುಷ್ ಹಾಕಿದ ಮೇಲೆ ಹಿತ್ತಲಲ್ಲಿ ಓಡಿಸಿದ್ದು, ದೀಪು ತೆಗೆದಿದ್ದರು. ಕನ್ನಡಕ ಹಾಕಿಸಿಕೊಂಡು ಎರಡು ಸಲ ನೋಡಿದರು.

'ಹಿಂದ್ಗಡೆ ಚಕ್ರ ಸಣ್ಣುಕ್ಕೆ ಕಾಣ್ತದೆ. ಅದ್ಕೇ ಗುಂಡೀಗೆ ಇಳ್ದಿದ್ದು. ಅಷ್ಟೂ ಗೊತ್ತಾಗಲ್ವಾ ನಿಂಗೆ? ಅದೇನು ಓದಿದ್ಯೋ.'

ಅಷ್ಟು ಕೇಳಿದ್ದೇ ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ಹೋಗಿ ಭಾವನಿಗೆ ಹೇಳಿಬಿಟ್ಟೆ: 'ಭಾವ, ಡಾಕ್ಟರು ಹೂಂ ಅಂದ ಮೇಲೆ ಅತ್ತೇನ ನಾವು ಕರ್ಕೊಂಡ್ಹೋಗ್ತೀವಿ.'

ಭಾವ ನಕ್ಕರು. ನಾನು ನಗದೇ ಇರೋದು ನೋಡಿ ನಿಲ್ಲಿಸಿದರು. 'ಮತ್ತೆ ಆ ಗಾಡಿ ಮೇಲೆ ಕೂರಿಸ್ತೀಯಾ?'

'ಹೂಂ.'

'ಹಾಗಾದ್ರೆ ಮೊದ್ಲು ನನ್ನ ಕೂರ್ಸು. ಆಮೇಲೆ ನೋಡೋಣ.'

ಬರುವಾಗ ದೀಪು ಸ್ಕೂಟರಿನಲ್ಲಿ ಕೇಳಿದರು, 'ನೀನು ಅಮ್ಮನ್ನ ಕಳ್ಸೋಕೆ ಕಾಯ್ತಿದ್ದೆ ಅಲ್ವಾ?' ಮುಂದೆ ನೋಡ್ಕೊಂಡು ಓಡಿಸ್ರೀ ಅಂದೆ.

ನವೆಂಬರ್ 2

ಎರಡು ಭಾನುವಾರ ಪೂರ್ತಿ ಶೆಡ್ಡಿನಲ್ಲೇ. ಹಣಮಂತ ಯಾದಗಿರಿ ಕಡೆಯವನು, ಬೊಮ್ಮಸಂದ್ರದ ಫ್ಯಾಬ್ರಿಕೇಶನ್ ಶಾಪಿನಲ್ಲಿ ವೆಲ್ಡಿಂಗ್ ಮಾಡ್ತಾನೆ. ರಜಾ ದಿನ ಮಷಿನ್ ತಂದ. ಅವನ ಬಾಯಿ ವೆಲ್ಡಿಂಗ್ ರಾಡಿಗಿಂತ ಜೋರು. 'ಅಕ್ಕಾರ, ಇದರ ಮ್ಯಾಲ ಬೇಕಾದ್ರ ಆನೀ ಕುಂದರಸ್ರಿ' ಅಂತ ಸೀಟಿನ ಫ್ರೇಮ್ ಬೆಸೆದ. ಅವನೇ ಕೂತ, ಒಂದು ಕಾಲು ಕಳಚಿತು. ಬೆಸುಗೆ ಚೆನ್ನಾಗಿ ಕೂತಿಲ್ಲ, ರಿಜೆಕ್ಟ್ ಅಂದೆ. ಗೊಣಗಿಕೊಂಡು ಮತ್ತೆ ಬೆಸೆದ. ನಾನು ಕೊರೆದ ಬೋಲ್ಟಿನ ತೂತು ಜಾಗ ತಪ್ಪಿತ್ತು. ಅದನ್ನು ಅವನು 'ರಿಜೆಕ್ಟ್ ರೀ' ಅಂದ. ಇಬ್ಬರೂ ಸರಿಸಮ.

ಅತ್ತೆ ಕಾಲು ಎತ್ತಿ ದಾಟಿಸೋ ಹಾಗಿಲ್ಲ. ಕುರ್ಚಿಯಲ್ಲಿ ಕೂರೋ ಹಾಗೆ ಸೀಟಿಗೆ ಬೆನ್ನು ಮಾಡಿ ಕೂರೋದು ಮಾತ್ರ ಸಾಧ್ಯ. ಅದಕ್ಕೆ ಸೀಟನ್ನು ಹಿಂದಕ್ಕೆ ಮುಖ ಮಾಡಿ ಇಟ್ಟೆವು. ನನ್ನ ಬೆನ್ನಿಗೆ ಅವರ ಬೆನ್ನು, ಅವರ ಕಾಲಿಗೆ ಅಗಲವಾದ ಹಲಗೆ, ಎರಡೂ ಕಡೆ ಹಿಡಿ, ಸೊಂಟಕ್ಕೆ ದೀಪು ಹಳೇ ಬಸ್ಸಿನಿಂದ ತಂದ ಬೆಲ್ಟು. ಹಿಂದಿನ ಟೈರು ಅಗಲದ್ದು ಹಾಕಿಸಿದೆ. ಅತ್ತೆ ಹೇಳಿದ್ದು ಅಂತಲ್ಲ, ನೋಡಿದರೆ ನಿಜವಾಗಲೂ ಸಣ್ಣದಿತ್ತು. ಚೈನ್ ಕೂರೋ ಹಿಂದಿನ ಹಲ್ಲುಚಕ್ರ ದೊಡ್ಡದು ಹಾಕಿದೆ. ಈಗ ಎಷ್ಟು ಒತ್ತಿದರೂ ಎಮ್ಮೆ ವೇಗಕ್ಕಿಂತ ಜಾಸ್ತಿ ಹೋಗಲ್ಲ, ಆದರೆ ಯಾವ ಕೆಸರಿಗೂ ಜಗ್ಗಲ್ಲ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗು ಸಡಿಲ ಮಾಡಿದೆ, ಗುಂಡಿ ಇಳಿದರೂ ತೊಟ್ಟಿಲ ಹಾಗೆ ತೂಗುತ್ತೆ.

ಪರೀಕ್ಷೆಗೆ ಹನುಮವ್ವ ಕೂತಳು. ಏರಿ ತುದಿವರೆಗೂ ಹೋಗಿ ಬಂದೆವು. ಇಳಿದು, 'ಅಕ್ಕಾರ, ನಂಗೂ ಹೊಡಿಯಾಕ ಕಲಸ್ರಿ' ಅಂದಳು. ಹಣಮಂತ ಬೇಡ ಅನ್ನೋಕೆ ಬಾಯಿ ತೆಗೆದ. ಅವನಿಗೆ ಮಾತಾಡೋ ಅವಕಾಶ ಸಿಗಲಿಲ್ಲ.

ಇದನ್ನು ಈಗ ಯಾರೂ ಕೊಳ್ಳಲ್ಲ. ಹಿಂದುಮುಂದಾಗಿ ಕೂರೋ ಗಾಡಿ ಯಾರಿಗೆ ಬೇಕು?

ನವೆಂಬರ್ 16

ಡಾಕ್ಟರು ನೋಡಿ 'ಪರವಾಗಿಲ್ಲ, ಜೋಪಾನ' ಅಂದರಂತೆ. ಸೀಟಿನ ಫೋಟೊ ಕೂಡ ಭಾವನೇ ತೋರಿಸಿದರಂತೆ. ಡಾಕ್ಟರು ಸ್ವಲ್ಪ ಹೊತ್ತು ನೋಡಿ, ಬೆಲ್ಟ್ ಮರೀಬೇಡಿ ಅಂದರಂತೆ.

ಇವತ್ತು ಭಾವ ಬಂದರು. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಅವರ ತೂಕ ಅತ್ತೆಯ ಎರಡರಷ್ಟು. ಫ್ಯಾಕ್ಟರಿಗೆ ದೊಡ್ಡ ಕಂಪನಿಯ ಆಡಿಟರ್ ಬಂದಾಗಲೂ ಒಂದೊಂದು ಬೋಲ್ಟನ್ನು ಇಷ್ಟು ಸಲ ನೋಡಿದವಳಲ್ಲ ನಾನು.

ಬೆಲ್ಟ್ ಹಾಕಿ ಕೂರಿಸಿದೆ. ಎರಡೂ ಕೈಯಲ್ಲಿ ಹಿಡಿ ಹಿಡಿದುಕೊಂಡರು. ನಾನು ಬೇಕಂತಲೇ ಆ ಗುಂಡಿ ಮೇಲೇ ಓಡಿಸಿದೆ. ಅಲ್ಲೇ ತೋರಿಸಬೇಕಿತ್ತು. ಗಾಡಿ ಇಳೀತು, ತೂಗಿತು, ಹತ್ತಿತು. ಹಿಂದಿನಿಂದ ಒಂದು ಮಾತಿಲ್ಲ. ಬಿದ್ದೇಹೋದರೋ ಏನೋ ಅಂತ ತಿರುಗಿ ನೋಡಿದೆ. ಕೆರೆ ಕಡೆ ನೋಡ್ತಾ ಕೂತಿದ್ದರು. ಹೊಲದ ತುದಿಯಲ್ಲಿ ಸುತ್ತು ಹಾಕಿ ಹಿತ್ತಲಿಗೆ ಬಂದು ನಿಲ್ಲಿಸಿದೆ. ಪ್ಯಾಂಟಿನ ಮೇಲೆ ಮೊಣಕಾಲವರೆಗೂ ಕೆಸರು.

ಇಳಿಯಲಿಲ್ಲ.

'ಭಾವ?'

'ಇನ್ನೊಂದು ಸುತ್ತು ಹೋಗೋಣ' ಅಂದರು.

ಹೋದೆವು. ದೀಪು ನೋಡ್ತಾ ನಿಂತಿದ್ದರು, ತಂದಿದ್ದು ನಾನು, ನನಗೊಂದು ಸುತ್ತೂ ಇಲ್ಲ ಅನ್ನೋ ಮುಖದಲ್ಲಿ.

ನವೆಂಬರ್ 23

ಅತ್ತೆ ನಿನ್ನೆ ಬಂದರು. ಮನೆ ಒಳಗೆ ಕಾಲಿಡೋ ಮೊದಲೇ 'ತುಳ್ಸಿ ಗಿಡ ಯಾಕಮ್ಮಿ ಒಣಗೈತೆ?' ಅಂದರು. ದೀಪು ನನ್ನ ಕಡೆ ನೋಡಿ ನಕ್ಕರು.

ಇವತ್ತು ಹೊಲಕ್ಕೆ. ಅತ್ತೆಯನ್ನು ಹನುಮವ್ವನೂ ದೀಪುನೂ ಹಿಡಿದು ಕೂರಿಸಿದರು. ಬೆಲ್ಟ್ ನಾನೇ ಹಾಕಿದೆ, ಎರಡು ಸಲ ಎಳೆದು ನೋಡಿದೆ. 'ಮುಂದೇನು ಬತ್ತದೆ ಅಂತ ನಂಗೆ ಕಾಣಾಕಿಲ್ವಲ್ಲ' ಅಂತ ಶುರುವಾಯ್ತು. ಬಂದಿದ್ದನ್ನ ನಾನು ಹೇಳ್ತೀನಿ, ಹೋಗಿದ್ದನ್ನ ನೀವು ಹೇಳಿ ಅಂದೆ.

ಎದುರೆದುರು ಕೂತು ನಾವಿಬ್ಬರೂ ಜಗಳ ಬಿಟ್ಟು ಬೇರೇನೂ ಆಡಿದ್ದು ನನಗೆ ನೆನಪಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಅದೇನೋ, ಅತ್ತೆ ಮಾತಾಡ್ತಾ ಹೋದರು.

'ನಮ್ಮತ್ತೆ ಇದ್ಲಲ್ಲ, ಚಿಕ್ಕಬೈರಪ್ಪನ ಹೆಂಡ್ತಿ ಅಂದ್ರೆ ಊರೇ ಹೆದರೋದು. ಮನೇಲಿ ಉಸ್ರು ಬಿಡೋಕೂ ಕೇಳ್ಬೇಕಾಗಿತ್ತು. ಕಳೆ ಕೀಳ್ತೀನಿ, ಕಾವಲು ಕೂತ್ಕೋತೀನಿ ಅಂತ ಹೊಲುಕ್ಕೆ ಬಂದ್ಬಿಡೋಳು ನಾನು. ಅಲ್ಲಿ ಯಾರೂ ಕರ್ಯೋರಿರ್ಲಿಲ್ಲ. ಕಳೆ ಇಲ್ದಿದ್ರೂ ಕಿತ್ತಿದ್ದೀನಿ ಕಣಮ್ಮಿ.'

ಗುಂಡಿ ಬಂತು, ನಿಧಾನಕ್ಕೆ ದಾಟಿಸಿದೆ. ಆಮೇಲೆ, 'ನಾನು ಶೆಡ್ಡಿಗೆ ಹೋಗ್ತಿದ್ದಿದ್ದೂ ಅದಕ್ಕೇ ಅತ್ತೆ' ಅಂದೆ.

'ಗೊತ್ತು. ಅದ್ಕೇ ಅಲ್ಲಿ ಕುರ್ಚಿ ಆಕಿಸ್ಕೊಂಡಿದ್ದು.'

ಬೆನ್ನ ಹಿಂದೆ ಅವರು ನಗ್ತಿರೋದು ನನ್ನ ಬೆನ್ನಿಗೇ ಗೊತ್ತಾಗ್ತಿತ್ತು. ನನಗೂ ನಗು ಬಂದು ಹ್ಯಾಂಡಲ್ಲು ಅಲ್ಲಾಡಿತು. 'ನೆಟ್ಗೆ ಓಡ್ಸೇ' ಅಂದರು.

ಹೊಲ ಬಂತು. ರಾಗಿ ತೆನೆ ಕಂದು ತಿರುಗಿದೆ, ಚೆನ್ನಾಗಿದೆ. ಅವರೆ ಸಾಲಿನಲ್ಲಿ ಅರ್ಧಕ್ಕರ್ಧ ಹುಳ. ಗಂಗಪ್ಪ ದೂರದಿಂದ ನಮ್ಮನ್ನು ನೋಡಿದವನು ಯಾವ ಕಡೆ ಓಡಬೇಕು ಅಂತ ತಿಳಿಯದೆ ಅಲ್ಲೇ ನಿಂತ. ಅತ್ತೆ ಇಳಿಯಲಿಲ್ಲ. ಸೀಟಿನ ಮೇಲೇ ಕೂತು, ಕೋಲು ತೋರಿಸ್ತಾ, ಗಂಗಪ್ಪನ ಕಣ್ಣಿನಿಂದ ಹಿಡಿದು ಅವನ ಅದ್ಭುತದವರೆಗೂ ಒಂದನ್ನೂ ಬಿಡದೆ ಬೈದರು. ಅಪಾರ್ಟ್‌ಮೆಂಟಿನ ಎರಡು ಬಾಲ್ಕನಿಯಲ್ಲಿ ಜನ ಬಂದು ನಿಂತರು.

ನಾನು ಎಂಜಿನ್ ಆರಿಸಿ ಬದುವಿನ ಮೇಲೆ ಕೂತು ಕೇಳಿದೆ. ಎಷ್ಟು ಚೆನ್ನಾಗಿ ಬೈತಾರೆ ನಮ್ಮತ್ತೆ ಪಿಳ್ಳಮ್ಮ. ಇಷ್ಟು ವರ್ಷ ಅದನ್ನೆಲ್ಲ ನಾನೊಬ್ಬಳೇ ಕೇಳ್ತಿದ್ದೆ, ಅದಕ್ಕೇ ಬೆಲೆ ಗೊತ್ತಾಗಿರಲಿಲ್ಲ.

ಡಿಸೆಂಬರ್ 4

ಈಗ ಬರೆಯೋಕೆ ಟೈಮೇ ಸಿಗ್ತಿಲ್ಲ. ಬೆಳಿಗ್ಗೆ ಪೀಣ್ಯ, ಸಂಜೆ ಮನೆ. ಅತ್ತೆಯನ್ನು ಹೊಲಕ್ಕೆ ಕರ್ಕೊಂಡು ಹೋಗೋದು ಹನುಮವ್ವ. ಹೋದ ವಾರವೆಲ್ಲ ಹೇಳಿಕೊಟ್ಟೆ, ನನಗಿಂತ ಚೆನ್ನಾಗಿ ಓಡಿಸ್ತಾಳೆ. ರೋಡಿಗೆ ಇಳಿಸಬೇಡ, ಇದಕ್ಕೆ ನಂಬರ್ ಪ್ಲೇಟ್ ಇಲ್ಲ ಅಂತ ಹೇಳಿದ್ದೀನಿ.

ಇವತ್ತು ಊಟದ ಹೊತ್ತಿಗೆ ಫೋನು ಬಂತು. ಅತ್ತೆ. ರಾಗಿ ಕಟಾವು ಶುರುವಾಗಿದೆ, ಹಿಂದೆ ಕುಡುಗೋಲಿನವರ ಮಾತು ಕೇಳಿಸ್ತಿತ್ತು. ಏನಾಯ್ತು ಅತ್ತೆ, ಬಿದ್ರಾ ಅಂದೆ. ಪಕ್ಕದಲ್ಲಿ ಊಟ ಮಾಡ್ತಿದ್ದ ಶೈಲಾ ಕೈ ನಿಲ್ಲಿಸಿದಳು.

'ಬೀಳೋದೆಲ್ಲಿ ಬಂತು. ಈ ಹನುಮವ್ವ ಹೂವಿನಂಗೆ ಕರ್ಕೊಂಡೋಗ್ತಾಳೆ, ಹೂವಿನಂಗೆ ಕರ್ಕೊಂಡ್ಬತ್ತಾಳೆ. ಒಂದು ಗುಂಡಿ ಇಲ್ಲ, ಒಂದು ಮಾತಿಲ್ಲ. ಏನ್ ಕೇಳಿದ್ರೂ ಹೂಂ ಅಕ್ಕಾರ ಅಂತಾಳೆ. ಬೇಜಾರಮ್ಮಿ.'

'ಅದಕ್ಕೆ ನಾನೇನ್ ಮಾಡ್ಲಿ ಅತ್ತೆ?'

'ಭಾನ್ವಾರ ರಜಾ ಅಲ್ವಾ ನಿಂಗೆ?'

'ಹೂಂ.'

'ಮತ್ತೆ? ಕೇಳ್ತೀಯಲ್ಲ' ಅಂದು ಫೋನ್ ಇಟ್ಟರು.